ಮೇನ್ ಸ್ವಿಚ್ ಎಳೆದ ಮೇಲೆ

"ನೀಲಿ ಬ್ಲೇಜರ್ ಹಾಕ್ಕೋರಿ ಬಾಯಾರ,
ನೀಲಿ ಅಂದ್ರ ಭರೋಸಾದ ಬಣ್ಣ" ಅಂದ
ಫೋಟೋದ ಹುಡುಗ ಸುಹಾಸ, ಫೋನಿನಾಗ.
ಉದ್ಯಮಬಾಗದಾಗ ಹದಿನೇಳು ವರ್ಷ
ವಾಲ್ವ್ ಮಾಡಿ ಕೊಟ್ಟೀನಿ.
ಭರೋಸಾದ ಬಣ್ಣ ಕೇಳಿದಾಂವ ಒಬ್ಬನೂ ಬಂದಿಲ್ಲ.
ಕೂದಲೆಳಿಯಷ್ಟು ಫರಕಾದ್ರ ಮಾತ್ರ
ಇಡೀ ಲಾಟು ತಿರುಗಿ ಬಂದೈತಿ, ಬೈಗಳದ ಸಮೇತ.

ಆದರೂ ರಾತ್ರಿ ತಿಜೂರಿ ತೆಗೆದೆ.
ಮದುವಿ ಸೀರಿ: ಜರಿ ಕರ್ರಗಾಗಿ
ಮಡಿಕಿ ಮಡಿಕಿಗೂ ಸೀಳು.
ಶಹಾಪುರದ ಹಸಿರು ಪತ್ತಲ:
ಲೋನ್ ಕೇಳಾಕ ಮೂರು ಸಲ ಬ್ಯಾಂಕಿಗೆ ಹೋದೆ,
ಮೂರು ಸಲಾನೂ ಅದನ್ನ ಉಟ್ಟು.
ನಾಕನೇ ಸಲ ಚೂಡಿದಾರದಾಗ ಹೋದೆ, ಕೊಟ್ರು.
ಪತ್ತಲದ ತಪ್ಪೇನಿಲ್ಲ ಅದರಾಗ.
ನಾದಿನಿಯ ಬ್ಲೇಜರು: ತೋಳು ಗೇಣು ಉದ್ದ,
ಕಿಸೆದಾಗ ಪುಣೆಯ ಬಸ್ಸಿನ ಟಿಕೀಟು.
ಹಾಕ್ಕೊಂಡು ಕನ್ನಡಿ ಮುಂದ ನಿಂತೆ.
ಇನ್ಶೂರನ್ಸ್ ಮಾರಾಕ ಬಂದಾಕಿ ನಿಂತಿದ್ಲು ಅಲ್ಲಿ.
ನಾನಾಗಿದ್ರ ಬಾಗಿಲಾ ತೆಗಿತಿದ್ದಿಲ್ಲ.

ಮಗಳು ಉನ್ನತಿ ಅಂದ್ಲು:
"ಇಳಕಲ್ ಉಟಗೋ ಮಮ್ಮಿ,
ಲೇತಿನ ಬಾಜೂಕ ನಿಂದರು, ಸೆರಗು ಹಾರಲಿ,
ಮಂದಿ ತಿರುಗಿ ನೋಡ್ತಾರ."
ನೋಡ್ತಾರ ಖರೆ. ಲೇತೂ ತಿರುಗತೈತಿ ಮಗಳ.
ಚಕ್ಕಿಗೇನು ಗೊತ್ತು ಇದು ಇಳಕಲ್ಲು, ಇದು ಒರೆಸೂ ಅರಿವಿ ಅಂತ?
ಒಂದು ಎಳಿ ಸಿಕ್ರ ಸಾಕು,
ಎಳಿಯ ಹಿಂದ ಇದ್ದಾವರನ್ನೂ ಕರಕೊಂತೈತಿ.
ಗ್ವಾಡಿ ಮ್ಯಾಲ ನಾನ ಬರೆಸೀನಿ, ಕೆಂಪು ಪೇಂಟಿನಾಗ:
ಸೆರಗಿಲ್ಲ ಟವೆಲಿಲ್ಲ ಬಳಿಯಿಲ್ಲ ಉಂಗುರಿಲ್ಲ.
ಯಾವಾಗ ಬರೆಸಿದೆ ಅಂತ ಕೇಳಬ್ಯಾಡ್ರಿ.
ದಸ್ತಗೀರ ಮಾಮಾನ ಎಡಗೈ ನೋಡ್ರಿ.

ಮುಂಜಾನೆ ಖಾಕಿ ಅಂಗೀನ ಹಾಕ್ಕೊಂಡೆ, ದಿನಾ ಹಾಕ್ಕೊಳ್ಳೂದು.
ಎದಿ ಮ್ಯಾಲ ಕಿಡಿ ಸುಟ್ಟ ತೂತು ಏಳು,
ಕಿಸೆದಾಗ ವರ್ನಿಯರ್.
ಸುಳ್ಳ್ಯಾಕ ಹೇಳಲಿ, ಜಂಬಾ ಇತ್ತು:
ದುಡಿಯೂ ಹೆಣ್ಣಮಗಳು ಹಿಂಗಿರ್ತಾಳ, ನೋಡಲಿ ಮಂದಿ.

ಶೆಟರ್ ಎತ್ತಿದ್ರ
ಹನ್ನೊಂದು ಮಂದಿ ನಿಂತಾರ. ಗುರುತ ಸಿಗಲಿಲ್ಲ.
ಭರಮಾ ತಮ್ಮನ ಲಗ್ನದ ಅಂಗಿಯಾಗ,
ಕಾಲರಿನ ಒಳಗಿನ ಪ್ಲಾಸ್ಟಿಕ್ ಪಟ್ಟಿ ಹಂಗ ಐತಿ.
ಮಿಲ್ಲಿಂಗಿನ ಪುಂಡಲೀಕ ತಲಿಗೆ ಬಣ್ಣಾ ಹಚ್ಚ್ಯಾನ,
ಕಿವಿಗೂ ಒಂದೀಟು.
ದಸ್ತಗೀರ ಮಾಮಾ ಹಬ್ಬದ ಬಿಳಿ ಜುಬ್ಬಾ, ಕಣ್ಣಿಗೆ ಸುರ್ಮಾ,
ಎಡಗೈ ಕಿಸೆದಾಗ.
ನನ್ನ ನೋಡಿ ಅವರ ಮಾರಿ ಇಳೀತು.
"ಬಟ್ಟಿ ಬದಲಿಸಾಕ ಟೈಮ್ ಸಿಗಲಿಲ್ಲೇನ್ರಿ ಬಾಯಾರ?"

ಸುಹಾಸ ಕಿವಿಯಾಗ ಅಂದ:
"ಇವರಿಗೆ ಖಾಕಿ ಹಾಕಸ್ರಿ. ರಿಯಲ್ ಅನಸಬೇಕು."

ರಿಯಲ್.
ಭರಮಾ ದಿನಾ ಸಂಜಿಗೆ ಖಾಕಿ ಮೊಳಿಗೆ ತೂಗಹಾಕಿ
ಸಬಕಾರ ಹಚ್ಚಿ ಮೊಣಕೈ ಮಟಾ ತಿಕ್ಕೊಂಡು ಹೋಗ್ತಾನ.
ಅವನ ಮಗಳು ಅದನ್ನ ಇನ್ನೂ ನೋಡಿಲ್ಲ.
ನಾ ಇಷ್ಟು ವರ್ಷ
ಅದಕ್ಕ ಶಿಸ್ತು ಅಂತಿದ್ದೆ.

ಹೋಗಿ ಮೇನ್ ಸ್ವಿಚ್ ಕೆಳಗ ಎಳದೆ.
ಫ್ಯೂಜ್ ಕಿತ್ತು ವರ್ನಿಯರಿನ ಬಾಜೂಕ ಇಟಗೊಂಡೆ.
ಲೇತು ನಿಂತು, ಡ್ರಿಲ್ ನಿಂತು, ಫ್ಯಾನೂ ನಿಂತು,
ಗುಬ್ಬಿ ಕೂಗೂದು ಕೇಳಿತು.
ಪತ್ರಾಸಿನ ಕೆಳಗ ಗೂಡು ಐತಿ ಅಂತ ಅವತ್ತ ಗೊತ್ತಾತು.
"ಈಗ ನಿಂದರ್ರಿ ಹೆಂಗ ಬೇಕೋ ಹಂಗ.
ಉಂಗುರ ಇದ್ದಾವರು ಮುಂದ ಬರ್ರಿ."

ದಸ್ತಗೀರ ಮಾಮಾ ಹತ್ರ ಬಂದ.
ಕಿವಿಯೊಳಗಿನ ಅತ್ತರಿನ ಹತ್ತಿ ತೆಗೆದು
ಎಡಗೈಯ ಎರಡು ಬೆರಳಿಲೆ
ನನ್ನ ಖಾಕಿ ತೋಳಿಗೆ ಒರೆಸಿದ.
"ಇರಲಿ ಬಾಯಾರ. ಫೋಟೋದಾಗ ಕಾಣೂದಿಲ್ಲ."

ಕಂಡೂ ಇಲ್ಲ.
ಕಾರ್ಡಿನ ಮ್ಯಾಲಿನ ಚಿತ್ರಾ ನೋಡಿ ಕೊಲ್ಹಾಪುರದ ಗಿರಾಕಿ ನಕ್ಕ:
"ಇದರಾಗ ಮಾಲಕರು ಯಾರ್ರಿ?
ಹನ್ನೊಂದು ಸಾಹುಕಾರ್ರು, ಒಬ್ಬಾಕಿ ಕೆಲಸದಾಕಿ!"
ನಾ ರೇಟು ಹೇಳಿದೆ.
ಅಂವ ನಗೂದು ಬಿಟ್ಟ.

ಅಂಗಿ ಎರಡು ಸಲ ಒಗದೀನಿ.
ಎಣ್ಣಿ ಒಂದೀಟು ಬಿಟ್ಟೈತಿ.
ಅತ್ತರು ಬಿಟ್ಟಿಲ್ಲ.